ರಿಫ್ಲೆಕ್ಸ್ ಉಳಿದಿದೆ ಎಂದು ಬರೆಯುವ ಮುನ್ನ

ಪ್ರಶ್ನೆ: ನಾನು ಆರು ವರ್ಷಗಳಿಂದ ಮಕ್ಕಳ ವಿಭಾಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಹಸುಗೂಸಿನಲ್ಲಿ ತಾನಾಗಿ ಆಗುವ, ಬೆಳೆದಂತೆ ಮರೆಯಾಗಬೇಕಾದ ಚಲನೆಗಳನ್ನು ಕುರಿತು ‘ಮಗುವಿನಲ್ಲಿ ಪ್ರಿಮಿಟಿವ್ ರಿಫ್ಲೆಕ್ಸ್ ಉಳಿದಿದೆಯೇ ನೋಡಿ’ ಎಂದು ಕೇಳಿಕೊಂಡು ಬರುವ ತಂದೆತಾಯಂದಿರು ಈಚೆಗೆ ಹೆಚ್ಚಾಗಿದ್ದಾರೆ. ಕಳೆದ ವಾರ ಏಳು ವರ್ಷದ ಹುಡುಗನೊಬ್ಬನ ತಾಯಿ ಬೇರೊಂದು ಕೇಂದ್ರದ ವರದಿ ತಂದಿದ್ದರು. ‘ಮೊರೊ 3, ಎಟಿಎನ್‌ಆರ್ 3, ಗ್ಯಾಲಂಟ್ 2’ ಎಂದು ಮೂರು ರಿಫ್ಲೆಕ್ಸ್‌ಗಳಿಗೆ ಅಂಕ ಹಾಕಿ, ಒಂದು ವರ್ಷದ ವ್ಯಾಯಾಮ ಸೂಚಿಸಿದ್ದರು. ಹುಡುಗ ಓದಿನಲ್ಲಿ ಹಿಂದೆ ಬಿದ್ದಿದ್ದಾನೆ, ಅಕ್ಷರ ಗೋಜಲು, ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ. ಈ ರಿಫ್ಲೆಕ್ಸ್‌ಗಳ ಪರೀಕ್ಷೆ ಮತ್ತು ಚಿಕಿತ್ಸೆ ಕಲಿಸುವ ಎರಡು ದಿನಗಳ ಆನ್‌ಲೈನ್ ಕೋರ್ಸ್‌ಗೆ ಸೇರಬೇಕೆಂದಿದ್ದೇನೆ. ಸೇರಬಹುದೇ? ಒಳ್ಳೆಯ ತರಬೇತಿಯನ್ನು ಗುರುತಿಸುವುದು ಹೇಗೆ? ಆ ತಾಯಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಪ್ರಮಾಣಪತ್ರದೊಳಗೆ ಸೇರಿಕೊಂಡಿವೆ. ಅವನ್ನು ಮೊದಲು ಬಿಡಿಸಿಕೊಳ್ಳಬೇಕು. ಒಂದು, ರಿಫ್ಲೆಕ್ಸ್‌ಗಳನ್ನು ಪರೀಕ್ಷಿಸುವ ಕೌಶಲ. ಹಸುಗೂಸುಗಳ ಮಟ್ಟಿಗೆ ಇದಕ್ಕೆ ನೂರು ವರ್ಷಗಳ ಗಟ್ಟಿ ತಳಹದಿಯಿದೆ, ಮತ್ತು ಮಕ್ಕಳೊಡನೆ ಕೆಲಸ ಮಾಡುವ ಯಾವ ಥೆರಪಿಸ್ಟ್‌ಗೂ ಇದು ಬರಲೇಬೇಕು. ಇನ್ನೊಂದು, ಶಾಲೆಗೆ ಹೋಗುವ ಮಗುವಿನಲ್ಲಿ ‘ಉಳಿದುಕೊಂಡ’ ರಿಫ್ಲೆಕ್ಸನ್ನು ವ್ಯಾಯಾಮದಿಂದ ಅಳಿಸಿದರೆ ಓದು, ಬರವಣಿಗೆ, ಏಕಾಗ್ರತೆ ಎಲ್ಲವೂ ಸರಿಹೋಗುತ್ತವೆ ಎಂಬ ವಾದ. ಇದರ ಕೆಳಗಿರುವ ನೆಲ ಬಹಳ ತೆಳು. ಮೊದಲನೆಯದರ ಗೌರವವನ್ನು ಎರಡನೆಯದು ಎರವಲು ಪಡೆದುಕೊಂಡಿದೆ ಎಂಬುದೇ ನನ್ನ ಮುಖ್ಯ ತಕರಾರು. ಆದ್ದರಿಂದ, ಪರೀಕ್ಷಿಸಲು ಚೆನ್ನಾಗಿ ಕಲಿಸುವ ತರಬೇತಿಗೆ ಖಂಡಿತ ಸೇರಿ. ಪರೀಕ್ಷೆಯಲ್ಲಿ ಕಂಡ ಚಿಹ್ನೆಯನ್ನೇ ಕಾಯಿಲೆಯೆಂದು ಕರೆದು ಅದಕ್ಕೆ ಚಿಕಿತ್ಸೆ ಕೊಡಲು ಕಲಿಸುವ ತರಬೇತಿಯಾದರೆ, ಸೇರುವ ಮುನ್ನ ಮುಂದಿನ ಮಾತುಗಳನ್ನು ಓದಿ.

ಬುಡದಿಂದ ಹೊರಡೋಣ. ಕತ್ತನ್ನು ಒಂದು ಬದಿಗೆ ತಿರುಗಿಸಿದಾಗ ಮುಖವಿರುವ ಕಡೆಯ ಕೈಕಾಲು ಚಾಚಿಕೊಂಡು, ಹಿಂದಲೆಯ ಕಡೆಯ ಕೈಕಾಲು ಮಡಚಿಕೊಳ್ಳುವುದನ್ನು, ಅಂದರೆ ನಾವು ಎಟಿಎನ್‌ಆರ್ ಎಂದು ಕರೆಯುವ ಅಸಿಮೆಟ್ರಿಕಲ್ ಟಾನಿಕ್ ನೆಕ್ ರಿಫ್ಲೆಕ್ಸನ್ನು, ರುಡಾಲ್ಫ್ ಮ್ಯಾಗ್ನಸ್ ಮತ್ತು ಡಿ ಕ್ಲೈನ್ 1912ರಲ್ಲಿ ವಿವರಿಸಿದರು. ಬೆನ್ನುಮೂಳೆಯ ಪಕ್ಕದಲ್ಲಿ ಬೆರಳೆಳೆದರೆ ಕೂಸು ಆ ಬದಿಗೇ ನಡು ಬಳುಕಿಸುವುದನ್ನು 1917ರಲ್ಲಿ ಗ್ಯಾಲಂಟ್ ವರ್ಣಿಸಿದರು. ತಲೆಯ ಆಧಾರ ತಟ್ಟನೆ ತುಸು ತಪ್ಪಿದರೆ ಕೂಸು ಕೈಗಳನ್ನು ಅಗಲಿಸಿ, ಬೆರಳು ಬಿಚ್ಚಿ, ಮತ್ತೆ ಏನನ್ನೋ ತಬ್ಬಿಕೊಳ್ಳುವಂತೆ ಎದೆಯ ಮೇಲೆ ತಂದುಕೊಂಡು ಅಳುವುದನ್ನು ವಿವರಿಸಿದ್ದು ಮಕ್ಕಳ ವೈದ್ಯ ಅರ್ನ್ಸ್ಟ್ ಮೊರೊ, 1918ರಲ್ಲಿ. ಮೊರೊ, ಎಟಿಎನ್‌ಆರ್, ಅಂಗೈ ಹಿಡಿತ ಇವೆಲ್ಲ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳೊಳಗೆ ಮರೆಯಾಗುತ್ತವೆ. ಕಾಲಿನ ಬೆರಳ ಹಿಡಿತ ಒಂಬತ್ತರಿಂದ ಹನ್ನೆರಡು ತಿಂಗಳವರೆಗೂ ಇರಬಹುದು. ತಲೆ ಎತ್ತಿದರೆ ಕೈ ನೆಟ್ಟಗಾಗಿ ಕಾಲು ಮಡಚುವ ಎಸ್‌ಟಿಎನ್‌ಆರ್ ಮಾತ್ರ ಹುಟ್ಟಿನಿಂದ ಕಾಣುವುದಲ್ಲ. ಆರನೇ ತಿಂಗಳ ಆಸುಪಾಸಿನಲ್ಲಿ ಮೂಡಿ, ಮಗು ಅಂಬೆಗಾಲಿಡಲು ಹದವಾಗುವ ಹೊತ್ತಿಗೆ ಹಿಂದೆ ಸರಿಯುತ್ತದೆ.

ಇವು ನಮಗೆ ಏನನ್ನು ಹೇಳುತ್ತವೆ ಎಂಬುದನ್ನು ಒಳ್ಳೆಯ ತರಬೇತಿ ಮೊದಲ ದಿನವೇ ಕಲಿಸಬೇಕು. ನವಜಾತ ಶಿಶುವಿನಲ್ಲಿ ಮೊರೊ ಸ್ವಲ್ಪವೂ ಕಾಣದಿದ್ದರೆ ಮಿದುಳು ಮಂಕಾಗಿದೆಯೇ ಎಂದು ನೋಡಬೇಕು. ಒಂದೇ ಕೈ ಮೇಲೆದ್ದರೆ ಹೆರಿಗೆಯ ಹೊತ್ತಿನಲ್ಲಿ ಭುಜದ ನರಜಾಲ ಎಳೆದುಹೋಗಿದೆಯೋ, ಕೊರಳೆಲುಬು ಮುರಿದಿದೆಯೋ ಎಂದು ಹುಡುಕಬೇಕು. ಎಟಿಎನ್‌ಆರ್ ವಿಷಯದಲ್ಲಿ ತಿಂಗಳೆಷ್ಟು ಎಂಬುದಕ್ಕಿಂತ ಮಗು ಆ ಭಂಗಿಯಿಂದ ತಾನಾಗಿ ಹೊರಬರುತ್ತದೆಯೇ ಎಂಬುದು ಮುಖ್ಯ. ಆರೋಗ್ಯವಂತ ಕೂಸು ಆ ಭಂಗಿಗೆ ಹೋಗುತ್ತದೆ, ಒಂದೆರಡು ಕ್ಷಣ ಇರುತ್ತದೆ, ಕಾಲು ಝಾಡಿಸಿ ಬಿಡಿಸಿಕೊಳ್ಳುತ್ತದೆ. ಕತ್ತು ತಿರುಗಿರುವಷ್ಟು ಹೊತ್ತೂ ಅದೇ ಭಂಗಿಯಲ್ಲಿ ಸಿಕ್ಕಿಕೊಂಡು ಬಿಡಿಸಿಕೊಳ್ಳಲಾಗದ ಕೂಸು ಯಾವ ವಯಸ್ಸಿನಲ್ಲೂ ಸಹಜವಲ್ಲ. ಸೆರೆಬ್ರಲ್ ಪಾಲ್ಸಿ (ಎಳೆಯ ಮಿದುಳಿಗಾದ ಹಾನಿಯಿಂದ ಚಲನೆ ಕುಂಠಿತವಾಗುವ ಸ್ಥಿತಿ) ಇರುವ ಮಕ್ಕಳಲ್ಲಿ ಈ ರಿಫ್ಲೆಕ್ಸ್‌ಗಳು ಬಲವಾಗಿ, ದೀರ್ಘಕಾಲ ಉಳಿಯುತ್ತವೆ. ಅಮೆರಿಕದ ಮಕ್ಕಳ ತಜ್ಞ ಆರ್ನಾಲ್ಡ್ ಕ್ಯಾಪ್ಯೂಟ್ ಮತ್ತು ಅವರ ಸಂಗಡಿಗರು 1978ರಲ್ಲಿ ಇದಕ್ಕೆ ಅಂಕಪಟ್ಟಿಯನ್ನೇ ರೂಪಿಸಿ, ರಿಫ್ಲೆಕ್ಸ್ ಎಷ್ಟು ಬಲವಾಗಿದೆ ಎಂಬುದನ್ನು ದರ್ಜೆಗಳಲ್ಲಿ ಅಳೆಯುವ ಕ್ರಮ ಹಾಕಿಕೊಟ್ಟರು. ಇಲ್ಲಿಯವರೆಗಿನ ಮಾತಿನಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಜಿಗಿತ ಶುರುವಾಗುವುದು ಶಾಲಾ ವಯಸ್ಸಿನಲ್ಲಿ. ಏಳು ವರ್ಷದ ಮಗುವನ್ನು ಕೂಸಿನಂತೆ ಮಲಗಿಸಿ ನೋಡಿದರೆ ಏನೂ ಕಾಣುವುದಿಲ್ಲ. ಹಾಗಾಗಿ ಬೇರೆ ಪರೀಕ್ಷೆಗಳನ್ನು ಮಾಡುತ್ತಾರೆ. ಮಗು ಕೈ ಮತ್ತು ಮಂಡಿ ಊರಿ ಕುದುರೆಯಂತೆ ನಿಲ್ಲುತ್ತದೆ. ಪರೀಕ್ಷಕರು ತಲೆಯನ್ನು ಮೆಲ್ಲಗೆ ಒಂದು ಬದಿಗೆ ತಿರುಗಿಸಿ, ಹಿಂದಲೆಯ ಬದಿಯ ಮೊಣಕೈ ಎಷ್ಟು ಬಗ್ಗಿತು ಎಂದು ನೋಡುತ್ತಾರೆ. ಇಲ್ಲವೇ ಮಗು ಕಣ್ಣು ಮುಚ್ಚಿ, ಕೈಗಳನ್ನು ಭುಜದ ಮಟ್ಟಕ್ಕೆ ಮುಂದೆ ಚಾಚಿ ನಿಲ್ಲುತ್ತದೆ. ತಲೆ ತಿರುಗಿಸಿದಾಗ ಕೈಗಳೂ ಜೊತೆಗೆ ಸರಿದವೇ ಎಂದು ನೋಡುತ್ತಾರೆ. ಅಂಕ ಸಾಮಾನ್ಯವಾಗಿ 0ರಿಂದ 4ರವರೆಗೆ. ನಿಮ್ಮ ಕೈಗೆ ಬಂದ ವರದಿಯ ಅಂಕಗಳು ಹುಟ್ಟಿದ್ದು ಹೀಗೆ.

ಈಗ ಆ ಮೊಣಕೈಯನ್ನೇ ಹತ್ತಿರದಿಂದ ನೋಡಿ. ಮೊಣಕೈ ಬಗ್ಗಲು ಎಷ್ಟು ಕಾರಣಗಳಿವೆ! ಭುಜದ ಸ್ನಾಯುಗಳು ಬಲಹೀನವಾಗಿದ್ದರೆ ಬಗ್ಗುತ್ತದೆ. ಕೀಲುಗಳು ಅತಿ ಸಡಿಲವಾದ ಮಗು ಮೊಣಕೈಯನ್ನು ಹಿಂದಕ್ಕೆ ಮಡಚಿ ಬೀಗ ಹಾಕಿದಂತೆ ನಿಂತಿರುತ್ತದೆ, ಬೀಗ ಬಿಟ್ಟ ಕೂಡಲೇ ಕುಸಿಯುತ್ತದೆ. ಪರೀಕ್ಷಕರ ಕೈ ಗಲ್ಲದ ಕೆಳಗೆ ಬಂದಾಗ ಕಚಗುಳಿಯಾಗಿ ನಗುವ ಮಗು ಬಗ್ಗುತ್ತದೆ. ದಣಿದ ಮಗು ಬಗ್ಗುತ್ತದೆ. ‘ಅಲ್ಲಾಡಬೇಡ’ ಎಂಬ ಮಾತು ಕಿವಿಗೆ ಬೀಳದ ಮಗುವೂ ಬಗ್ಗುತ್ತದೆ. ತಲೆಯನ್ನು ತಿರುಗಿಸುವ ಭರದಲ್ಲಿ ಪರೀಕ್ಷಕರೇ ಅರಿವಿಲ್ಲದೆ ಮಗುವಿನ ಭಾರವನ್ನು ಒಂದು ಬದಿಗೆ ತಳ್ಳುವುದನ್ನು ನಾನು ವಿಡಿಯೊಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ, ನನ್ನ ಕೈಯೂ ಅದಕ್ಕೆ ಹೊರತಾಗಿರಲಿಲ್ಲ. ಯಾವ ತೊಂದರೆಯೂ ಇಲ್ಲದ ನಾಲ್ಕೈದು ವರ್ಷದ ಮಕ್ಕಳಲ್ಲಿಯೂ ಈ ಪರೀಕ್ಷೆಯಲ್ಲಿ ಅಲ್ಪಸ್ವಲ್ಪ ಬಾಗು ಕಾಣುವುದು ಸಾಮಾನ್ಯ. ಗ್ಯಾಲಂಟ್ ವಿಷಯವಂತೂ ಇನ್ನೂ ಸೂಕ್ಷ್ಮ: ಬೆನ್ನ ಮೇಲೆ ಬೆರಳೆಳೆದಾಗ ನಡು ಬಳುಕಿಸುವ ಏಳು ವರ್ಷದ ಹುಡುಗನಲ್ಲಿ ನೀವು ನೋಡುತ್ತಿರುವುದು ರಿಫ್ಲೆಕ್ಸೋ ಕಚಗುಳಿಯೋ ಎಂದು ಬೇರ್ಪಡಿಸಿ ಹೇಳುವುದು ಬಹಳ ಕಷ್ಟ.

ಆದ್ದರಿಂದ ತರಬೇತಿಯಲ್ಲಿ ನಾನು ಮೊದಲು ಹುಡುಕುವುದು ಒಂದೇ ಅಭ್ಯಾಸವನ್ನು. ಒಂದೇ ಮಗುವಿನ ವಿಡಿಯೊವನ್ನು, ಅದರ ಹಿನ್ನೆಲೆ ತಿಳಿಸದೆ, ಕಲಿಯುವವರೆಲ್ಲರಿಗೂ ತೋರಿಸಿ, ಪ್ರತಿಯೊಬ್ಬರೂ ಪಕ್ಕದವರನ್ನು ಕೇಳದೆ ಅಂಕ ಬರೆದು, ಆಮೇಲೆ ಎಲ್ಲ ಅಂಕಗಳನ್ನೂ ಒಟ್ಟಿಗೆ ಇಟ್ಟು ಎಷ್ಟು ತಾಳೆಯಾದವು ಎಂದು ನೋಡಬೇಕು. ತಾಳೆಯಾಗುವವರೆಗೂ ಮತ್ತೆ ಮತ್ತೆ ಮಾಡಬೇಕು. ‘ಈ ಮಗುವಿಗೆ ಓದು ಬರುವುದಿಲ್ಲವಂತೆ’ ಎಂದು ಮೊದಲೇ ಹೇಳಿ ತೋರಿಸಿದಾಗ ಅಂಕ ಏರುತ್ತದೆಯೇ ಎಂದೂ ಪರೀಕ್ಷಿಸಿ ತೋರಿಸುವ ಶಿಕ್ಷಕರಿದ್ದರೆ ಅವರ ಬಳಿ ಕಲಿಯುವುದು ಭಾಗ್ಯವೇ ಸರಿ. ಎರಡು ದಿನ ಪರದೆಯ ಮುಂದೆ ಕುಳಿತು, ಸ್ಲೈಡ್ ನೋಡಿ, ಕೊನೆಗೆ ಹತ್ತು ಬಹುಆಯ್ಕೆ ಪ್ರಶ್ನೆಗಳಿಗೆ ಟಿಕ್ ಹಾಕಿದರೆ ಈ ಕಣ್ಣು ಬರುವುದಿಲ್ಲ. ಕೈಗೆ ಬರಬೇಕಾದ ವಿದ್ಯೆ ಇದು. ಒಂದು ದಿನದ ಕೂಸಿನ ತಲೆಯನ್ನು ಅಂಗೈಯಲ್ಲಿ ಹಿಡಿದು, ಎಷ್ಟು ಸಡಿಲ ಬಿಟ್ಟರೆ ಮೊರೊ ಬರುತ್ತದೆ, ಎಷ್ಟಕ್ಕೆ ಕೂಸು ಸುಮ್ಮನೆ ಬೆದರುತ್ತದೆ ಎಂಬ ಹದವನ್ನು ಯಾವ ವಿಡಿಯೊವೂ ಬೆರಳಿಗೆ ಕಲಿಸಲಾರದು.

ಚಿಕಿತ್ಸೆಯ ಸಿದ್ಧಾಂತಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಈ ಕ್ಷೇತ್ರದಲ್ಲಿ ಹಲವು ಪಂಥಗಳಿವೆ. ಪೀಟರ್ ಬ್ಲೈತ್ 1975ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ನಲ್ಲಿ ಆರಂಭಿಸಿದ ಐಎನ್‌ಪಿಪಿ ಸಂಸ್ಥೆಯದು ಒಂದು ಕ್ರಮ. ಸ್ವೀಡನ್ನಿನ ಮನೋವೈದ್ಯ ಹಾರಾಲ್ಡ್ ಬ್ಲೂಮ್‌ಬರ್ಗ್ ರೂಪಿಸಿದ ಲಯಬದ್ಧ ಚಲನೆಯ ತರಬೇತಿ ಇನ್ನೊಂದು. ಸ್ವೆಟ್ಲಾನಾ ಮಸ್ಗುಟೋವಾ ಅವರ ಎಂಎನ್‌ಆರ್‌ಐ ಎಂಬ ಪದ್ಧತಿ ಮತ್ತೊಂದು. ಒಂದೊಂದರ ವ್ಯಾಯಾಮವೂ ಬೇರೆ, ಕಲಿಕೆಯ ಹಂತಗಳೂ ಬೇರೆ. ಆದರೆ ಒಳಗಿನ ಎಳೆ ಹೆಚ್ಚುಕಡಿಮೆ ಒಂದೇ: ಕೂಸಿನ ಹಂತದಲ್ಲಿ ಆಗಬೇಕಿದ್ದ ಚಲನೆಗಳು ಸಾಕಷ್ಟು ಆಗಲಿಲ್ಲ, ಆದ್ದರಿಂದ ರಿಫ್ಲೆಕ್ಸ್ ‘ಒಳಗೊಳ್ಳದೆ’, ಅಂದರೆ ಅಡಗದೆ, ಉಳಿಯಿತು, ಈಗ ಅದೇ ಚಲನೆಗಳನ್ನು ಪುನಃ ಪುನಃ ಮಾಡಿಸಿದರೆ ಅದು ಒಳಗೊಳ್ಳುತ್ತದೆ. ಕೇಳಲು ಬಹಳ ಹೊಂದಿಕೊಳ್ಳುವ ಕಥೆ. ಮಿದುಳಿನ ಮೇಲುಭಾಗ ಬಲಿತಂತೆ ಕೆಳಭಾಗದ ರಿಫ್ಲೆಕ್ಸನ್ನು ಅದುಮಿಡುತ್ತದೆ ಎಂಬ ಹಳೆಯ ಶ್ರೇಣಿ ಸಿದ್ಧಾಂತದ ಮೇಲೆ ಅದು ನಿಂತಿದೆ. ಆ ಸಿದ್ಧಾಂತದಲ್ಲಿ ಸತ್ಯಾಂಶವೂ ಇದೆ: ಮರೆವಿನ ಕಾಯಿಲೆಯಲ್ಲಿ ಅಥವಾ ಹಣೆಯ ಭಾಗದ ಮಿದುಳಿಗೆ ಪೆಟ್ಟಾದಾಗ ಹಿರಿಯರಲ್ಲಿ ಅಂಗೈ ಹಿಡಿತದಂತಹ ರಿಫ್ಲೆಕ್ಸ್‌ಗಳು ಮರಳಿ ಕಾಣಿಸಿಕೊಳ್ಳುತ್ತವೆ. ಎಂದರೆ ಅವು ಅಳಿದಿರಲಿಲ್ಲ, ಅಡಗಿದ್ದವು.

ಆದರೆ ಕೂಸಿನ ಹೆಜ್ಜೆ ರಿಫ್ಲೆಕ್ಸ್‌ನ ಕಥೆ ಕೇಳಿ. ನವಜಾತ ಶಿಶುವನ್ನು ಕಂಕುಳಲ್ಲಿ ಹಿಡಿದು ಪಾದವನ್ನು ನೆಲಕ್ಕೆ ತಾಗಿಸಿದರೆ ಹೆಜ್ಜೆ ಹಾಕುತ್ತದೆ. ಎರಡು ಮೂರು ತಿಂಗಳಲ್ಲಿ ಅದು ನಿಲ್ಲುತ್ತದೆ. ಮಿದುಳು ಬಲಿತು ಅದುಮಿತು ಎಂದೇ ಎಲ್ಲರೂ ನಂಬಿದ್ದರು. 1980ರ ದಶಕದಲ್ಲಿ ಎಸ್ತರ್ ಥೀಲನ್ ಮತ್ತು ಅವರ ಸಹೋದ್ಯೋಗಿಗಳು ಕೂಸುಗಳ ಕಾಲುಗಳನ್ನು ನೀರಿನಲ್ಲಿ ಇಳಿಬಿಟ್ಟು ನೋಡಿದಾಗ ಹೆಜ್ಜೆಗಳು ಹೆಚ್ಚಿದವು. ಕಾಲಿಗೆ ಸಣ್ಣ ತೂಕ ಕಟ್ಟಿದಾಗ ಕಡಿಮೆಯಾದವು. ರಿಫ್ಲೆಕ್ಸ್ ‘ಮರೆಯಾದದ್ದಕ್ಕೆ’ ಒಂದು ದೊಡ್ಡ ಕಾರಣ, ಕೊಬ್ಬು ತುಂಬಿ ಭಾರವಾದ ತೊಡೆಗಳನ್ನು ಎತ್ತುವ ಬಲ ಇನ್ನೂ ಬಂದಿರಲಿಲ್ಲ ಎಂಬುದು. ಅದಕ್ಕೂ ಮೊದಲು, 1972ರಲ್ಲಿ, ಫಿಲಿಪ್ ಝೆಲಾಜೊ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಕೂಸುಗಳಿಗೆ ದಿನವೂ ಕೆಲವು ನಿಮಿಷ ಹೆಜ್ಜೆ ರಿಫ್ಲೆಕ್ಸನ್ನು ಅಭ್ಯಾಸ ಮಾಡಿಸಿದಾಗ ಅದು ಅಡಗುವ ಬದಲು ಹೆಚ್ಚಾಯಿತು, ಆ ಮಕ್ಕಳು ಬೇಗ ನಡೆದರು. ಒಂದು ರಿಫ್ಲೆಕ್ಸನ್ನು ಅಭ್ಯಾಸ ಮಾಡಿಸಿದರೆ ಅದು ಅಡಗುತ್ತದೆ ಎಂದು ಹೇಳುವ ಯಾವ ಶಿಕ್ಷಕರೂ ಈ ಎರಡು ಪ್ರಯೋಗಗಳಿಗೆ ಉತ್ತರ ಕೊಡಬೇಕು. ಹೆಜ್ಜೆಯೇ ಬೇರೆ, ಎಟಿಎನ್‌ಆರ್ ಬೇರೆ ಎಂದು ಅವರು ವಾದಿಸಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಈ ಪ್ರಯೋಗಗಳ ಹೆಸರನ್ನೇ ಎತ್ತದ ತರಬೇತಿ ನಿಮಗೆ ಅರ್ಧ ವಿಷಯವನ್ನು ಮುಚ್ಚಿಟ್ಟು ಕಲಿಸುತ್ತಿದೆ.

ಪುರಾವೆಯ ಮಾತು. ಈ ಚಿಕಿತ್ಸೆಯ ಪರವಾಗಿ ಎಲ್ಲರೂ ಮೊದಲು ಎತ್ತಿ ತೋರಿಸುವ ಅಧ್ಯಯನ 2000ದಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಮಾರ್ಟಿನ್ ಮೆಕ್‌ಫಿಲಿಪ್ಸ್ ಮತ್ತು ಸಂಗಡಿಗರು ನಡೆಸಿದ್ದು. ಓದಿನ ತೊಂದರೆ ಇರುವ, ಎಟಿಎನ್‌ಆರ್ ಉಳಿದಿರುವ 8ರಿಂದ 11 ವರ್ಷದ 60 ಮಕ್ಕಳನ್ನು ಇಪ್ಪತ್ತಿಪ್ಪತ್ತರ ಮೂರು ಗುಂಪುಗಳಾಗಿ ಚೀಟಿ ಎತ್ತಿದಂತೆ ಹಂಚಿ, ಒಂದು ಗುಂಪಿಗೆ ರಿಫ್ಲೆಕ್ಸ್‌ನ ಚಲನೆಗಳನ್ನು ಹೋಲುವ ವ್ಯಾಯಾಮ, ಇನ್ನೊಂದಕ್ಕೆ ಅದಕ್ಕೆ ಸಂಬಂಧವಿಲ್ಲದ ಚಲನೆಗಳು, ಮೂರನೆಯದಕ್ಕೆ ಏನೂ ಇಲ್ಲ ಎಂದು ಮಾಡಿ, ಒಂದು ವರ್ಷದ ಬಳಿಕ ನೋಡಿದರು. ಮೊದಲ ಗುಂಪಿನಲ್ಲಿ ರಿಫ್ಲೆಕ್ಸ್ ಹೆಚ್ಚು ಇಳಿಯಿತು, ಓದೂ ಹೆಚ್ಚು ಸುಧಾರಿಸಿತು. ಅಧ್ಯಯನದ ವಿನ್ಯಾಸ ಒಳ್ಳೆಯದು. ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಒಂದು ಗುಂಪಿನಲ್ಲಿ ಇಪ್ಪತ್ತೇ ಮಕ್ಕಳಿರುವ ಒಂದು ಅಧ್ಯಯನದ ಮೇಲೆ ಇಡೀ ಚಿಕಿತ್ಸಾ ಪದ್ಧತಿಯನ್ನು ಕಟ್ಟುವುದು ಸಲ್ಲದು. ಅದಾದ ಮೇಲೆ ಬೇರೆ ತಂಡಗಳು, ಈ ಚಿಕಿತ್ಸೆಯಿಂದ ಹಣ ಗಳಿಸದವರು, ದೊಡ್ಡ ಪ್ರಮಾಣದಲ್ಲಿ ಅದೇ ಫಲವನ್ನು ಮತ್ತೆ ಮತ್ತೆ ತೋರಿಸಿದ್ದರೆ ಈ ಹೊತ್ತಿಗೆ ಅದು ಎಲ್ಲ ಓದಿನ ಮಾರ್ಗಸೂಚಿಗಳಲ್ಲೂ ಇರಬೇಕಿತ್ತು. ಓದಿನ ತೊಂದರೆಗೆ ಇಂದಿಗೂ ಬಲವಾದ ಪುರಾವೆ ಇರುವುದು ಅಕ್ಷರ ಮತ್ತು ಧ್ವನಿಯ ಸಂಬಂಧವನ್ನು ಕ್ರಮಬದ್ಧವಾಗಿ, ನೇರವಾಗಿ ಕಲಿಸುವುದಕ್ಕೆ. ಕೆಲವು ರಿಫ್ಲೆಕ್ಸ್‌ಗಳ ಕುರುಹು ಮತ್ತು ಕಲಿಕೆಯ ತೊಂದರೆ ಒಂದೇ ಮಗುವಿನಲ್ಲಿ ಹೆಚ್ಚಾಗಿ ಕಾಣುತ್ತವೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಹಾಗೆ ಜೊತೆಯಲ್ಲಿ ಕಾಣುವುದರಿಂದ ಒಂದು ಇನ್ನೊಂದರ ಕಾರಣ ಎಂದಾಗುವುದಿಲ್ಲ. ನರವ್ಯೂಹ ನಿಧಾನವಾಗಿ ಬಲಿಯುತ್ತಿರುವುದು ಎರಡಕ್ಕೂ ಹಿಂದಿನ ಕಾರಣವಾಗಿರಬಹುದು.

ನಮ್ಮ ವೃತ್ತಿ ಈ ದಾರಿಯಲ್ಲಿ ಹಿಂದೆಯೂ ನಡೆದಿದೆ ಎಂಬುದನ್ನು ತರಬೇತಿಯಲ್ಲಿ ಯಾರಾದರೂ ಹೇಳಬೇಕು. ಕಾರೆಲ್ ಮತ್ತು ಬರ್ಟಾ ಬೊಬಾತ್ ದಂಪತಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಆರಂಭದಲ್ಲಿ ‘ರಿಫ್ಲೆಕ್ಸ್ ತಡೆಯುವ ಭಂಗಿ’ಗಳನ್ನು ಬಳಸಿದರು. ಭಂಗಿಯಲ್ಲಿ ಹಿಡಿದಿರುವಾಗ ಕಂಡ ಬದಲಾವಣೆ ಮಗುವಿನ ದಿನನಿತ್ಯದ ಚಲನೆಗೆ ದಾಟಿಬರುವುದಿಲ್ಲ ಎಂದು ಕಂಡುಕೊಂಡು ಅವರೇ ಮುಂದೆ ಪದ್ಧತಿಯನ್ನು ಬದಲಾಯಿಸಿಕೊಂಡರು. ಆ ಪ್ರಾಮಾಣಿಕತೆ ನನಗೆ ಯಾವತ್ತೂ ದೊಡ್ಡದಾಗಿ ಕಂಡಿದೆ. ಡೋಮನ್ ಮತ್ತು ಡೆಲಕಾಟೊ ಅವರ ಪದ್ಧತಿಯಲ್ಲಿ ಮಗುವಿನ ಕೈಕಾಲುಗಳನ್ನು ಹಲವರು ಹಿಡಿದು ದಿನಕ್ಕೆ ಹಲವು ಬಾರಿ ತೆವಳುವ ಚಲನೆ ಮಾಡಿಸುತ್ತಿದ್ದರು; ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1982ರಲ್ಲಿ ಮತ್ತೆ 1999ರಲ್ಲಿ ಅದಕ್ಕೆ ಆಧಾರವಿಲ್ಲವೆಂದೂ, ಅದು ಕುಟುಂಬಗಳ ಮೇಲೆ ಹೊರಿಸುವ ಭಾರ ದೊಡ್ಡದೆಂದೂ ಹೇಳಿಕೆ ಹೊರಡಿಸಿತು. ಅಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿ ಸೆರೆಬ್ರಲ್ ಪಾಲ್ಸಿಯ ಚಿಕಿತ್ಸೆಗಳನ್ನೆಲ್ಲ ಟ್ರಾಫಿಕ್ ಸಿಗ್ನಲ್‌ನ ಬಣ್ಣಗಳಲ್ಲಿ ವಿಂಗಡಿಸಿದಾಗ, ಹಸಿರು ಸಿಕ್ಕಿದ್ದು ಮಗು ತಾನೇ ಮಾಡಬಯಸುವ ಕೆಲಸವನ್ನು ಗುರಿಯಾಗಿಟ್ಟು ನೇರವಾಗಿ ಅಭ್ಯಾಸ ಮಾಡಿಸುವ ವಿಧಾನಗಳಿಗೆ. ಗುಂಡಿ ಹಾಕಲು ಕಲಿಯಬೇಕಾದ ಮಗು ಗುಂಡಿ ಹಾಕುವುದನ್ನು ಅಭ್ಯಾಸ ಮಾಡಬೇಕು.

ಈ ಎಲ್ಲದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಕೆಲವು ವರ್ಷಗಳ ಹಿಂದೆ ಐದು ತಿಂಗಳ ಕೂಸೊಂದನ್ನು ‘ಮೊರೊ ಕಡಿಮೆಯಾಗಿಲ್ಲ’ ಎಂಬ ಟಿಪ್ಪಣಿಯೊಡನೆ ವ್ಯಾಯಾಮಕ್ಕಾಗಿ ನಮ್ಮ ಬಳಿ ಕಳಿಸಿದ್ದರು. ನಾನು ಪರೀಕ್ಷಿಸುವಾಗ ಕೂಸು ನಗುತ್ತಿತ್ತು, ಏನೂ ಕಾಣಲಿಲ್ಲ. ತಾಯಿ ಫೋನಿನಲ್ಲಿ ಹಿಡಿದಿದ್ದ ವಿಡಿಯೊ ತೋರಿಸಿದರು. ನಿದ್ದೆಯಿಂದ ಎದ್ದ ಕೂಡಲೇ ಕೂಸು ತಲೆ ಬಾಗಿಸಿ, ಎರಡೂ ಕೈ ಚಿಮ್ಮಿಸಿ, ಒಂದು ಕ್ಷಣ ಸೆಟೆದು, ಸಡಿಲವಾಯಿತು. ಕೆಲವು ಸೆಕೆಂಡು ಬಿಟ್ಟು ಮತ್ತೆ. ಮತ್ತೆ. ಸದ್ದಿಲ್ಲ, ತಲೆ ಜಾರಿಲ್ಲ, ಯಾರೂ ಮುಟ್ಟಿಲ್ಲ. ಅದು ಮೊರೊ ಆಗಿರಲಿಲ್ಲ. ಇನ್‌ಫಂಟೈಲ್ ಸ್ಪಾಸಮ್ ಎಂಬ ಮೂರ್ಛೆ. ಅಂದೇ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಗೆ ಕಳಿಸಿದೆವು. 1841ರಲ್ಲಿ ವಿಲಿಯಂ ಜೇಮ್ಸ್ ವೆಸ್ಟ್ ಎಂಬ ವೈದ್ಯ ತನ್ನ ಸ್ವಂತ ಮಗನಲ್ಲಿ, ನಾಲ್ಕು ತಿಂಗಳ ವಯಸ್ಸಿನಿಂದ ಶುರುವಾದ ಇದೇ ಬಾಗುವಿಕೆಯನ್ನು ವಿವರಿಸಿ, ಯಾರಾದರೂ ದಾರಿ ತೋರಿಸಿಯಾರೇ ಎಂದು ಲ್ಯಾನ್ಸೆಟ್‌ಗೆ ಪತ್ರ ಬರೆದಿದ್ದ. ಇಂದಿಗೂ ಆ ಕಾಯಿಲೆಗೆ ಅವನ ಹೆಸರಿದೆ. ಅವನಿಗಿಲ್ಲದ ಚಿಕಿತ್ಸೆ ನಮ್ಮ ಬಳಿ ಇದೆ. ಆದರೆ ಅದು ಬೇಗ ಶುರುವಾದಷ್ಟೂ ಮಗುವಿನ ಬೆಳವಣಿಗೆ ಉಳಿಯುವ ಸಾಧ್ಯತೆ ಹೆಚ್ಚು, ವಾರಗಳೇ ಲೆಕ್ಕಕ್ಕೆ ಬರುತ್ತವೆ. ಆ ವಾರಗಳನ್ನು ವ್ಯಾಯಾಮದಲ್ಲಿ ಕಳೆದರೆ ಹಿಂದಿರುಗಿ ಸಿಗುವುದಿಲ್ಲ. ಮೊರೊಗೆ ಪ್ರಚೋದನೆ ಬೇಕು, ಅದು ಸಾಮಾನ್ಯವಾಗಿ ಒಂದೇ ಸಲ ಬಂದು ಹೋಗುತ್ತದೆ. ಸ್ಪಾಸಮ್‌ಗಳು ಪ್ರಚೋದನೆ ಇಲ್ಲದೆ, ಸರಣಿಯಾಗಿ, ಮುಖ್ಯವಾಗಿ ಎಚ್ಚರವಾಗುವ ಹೊತ್ತಿನಲ್ಲಿ ಬರುತ್ತವೆ. ಈ ವ್ಯತ್ಯಾಸವನ್ನು ವಿಡಿಯೊ ಸಮೇತ ಕಲಿಸದ ರಿಫ್ಲೆಕ್ಸ್ ತರಬೇತಿ ಅಪಾಯಕಾರಿ ಎಂದೇ ನಾನು ಹೇಳುತ್ತೇನೆ.

ದೊಡ್ಡ ಮಕ್ಕಳಲ್ಲೂ ಹೀಗೆಯೇ. ಎಡವುವ, ಮೆಟ್ಟಿಲು ಹತ್ತಲು ಕಷ್ಟಪಡುವ ಐದು ವರ್ಷದ ಹುಡುಗನನ್ನು ನೆಲದ ಮೇಲೆ ಕೂರಿಸಿ ಏಳಲು ಹೇಳಿ. ತನ್ನ ತೊಡೆಗಳ ಮೇಲೆಯೇ ಕೈಯೂರಿ ಹತ್ತಿದಂತೆ ಎದ್ದರೆ ಅದು ಡುಷೆನ್ ಸ್ನಾಯುಕ್ಷಯದ ಗುರುತಾಗಿರಬಹುದು; ಅವನಿಗೆ ಬೇಕಾದದ್ದು ಸ್ನಾಯುಗಳ ಹಾನಿಯನ್ನು ತೋರಿಸುವ ಸಿಕೆ ರಕ್ತಪರೀಕ್ಷೆ. ಒಂದು ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುವ ಕೂಸು, ಬಂದಿದ್ದ ಕೌಶಲವನ್ನು ಕಳೆದುಕೊಳ್ಳುತ್ತಿರುವ ಮಗು, ಒಂದು ಬದಿ ಬಿಗಿಯಾಗಿರುವ ಮಗು, ಇವರೆಲ್ಲ ನರತಜ್ಞರ ಬಳಿಗೆ ಹೋಗಬೇಕಾದವರು.

ಹಾಗಾದರೆ ಕೋರ್ಸ್ ಆಯ್ಕೆ. ಸಂಘಟಕರಿಗೆ ಬರೆದು ಕೇಳಿ: ಪರೀಕ್ಷೆ ಕಲಿಯಲು ನಿಜವಾದ ಮಕ್ಕಳು, ಅದರಲ್ಲೂ ಒಂದು ವರ್ಷದೊಳಗಿನ ಕೂಸುಗಳು ಇರುತ್ತಾರೆಯೇ? ಕೋರ್ಸ್ ಮುಗಿದ ಮೇಲೆ ನನ್ನ ಮೊದಲ ಕೆಲವು ಮಕ್ಕಳ ವಿಡಿಯೊಗಳನ್ನು, ಪೋಷಕರ ಒಪ್ಪಿಗೆಯೊಡನೆ, ನೋಡಿ ತಿದ್ದುವವರು ಯಾರು? ಯಾವ ಮಗುವಿಗೆ ಈ ಚಿಕಿತ್ಸೆ ಕೊಡಬಾರದು ಎಂಬುದಕ್ಕೆ ಎಷ್ಟು ಗಂಟೆ ಮೀಸಲಿದೆ? ಈ ಪದ್ಧತಿ ಫಲ ಕೊಡಲಿಲ್ಲ ಎಂದು ಹೇಳುವ ಅಧ್ಯಯನಗಳನ್ನೂ ಓದಿಸುತ್ತೀರಾ? ಸೇರಲು ಯಾವ ಮೂಲ ಪದವಿ ಬೇಕು? ಕೊನೆಯ ಪ್ರಶ್ನೆ ಸಣ್ಣದೆನಿಸಬಹುದು. ಆದರೆ ನರಪರೀಕ್ಷೆಯ ಹಿನ್ನೆಲೆಯೇ ಇಲ್ಲದ ಯಾರಿಗೂ ಬಾಗಿಲು ತೆರೆದಿರುವ ಕೋರ್ಸ್‌ನಲ್ಲಿ ಪಾಠವನ್ನು ಆ ಮಟ್ಟಕ್ಕೇ ಇಳಿಸಬೇಕಾಗುತ್ತದೆ. ಪ್ರಮಾಣಪತ್ರ ಸಿಕ್ಕ ಮಾತ್ರಕ್ಕೆ ನಿಮ್ಮ ಮೂಲ ಪರವಾನಗಿ ಕೊಟ್ಟ ಅಧಿಕಾರ ಒಂದು ಗೇಣೂ ಹೆಚ್ಚುವುದಿಲ್ಲ. ರೋಗನಿರ್ಣಯ ನಿಮ್ಮ ವೃತ್ತಿಯ ವ್ಯಾಪ್ತಿಯಲ್ಲಿ ಇಲ್ಲದಿದ್ದರೆ ಕೋರ್ಸ್ ಮುಗಿದ ಮೇಲೂ ಇರುವುದಿಲ್ಲ. ಜಾಹೀರಾತಿನಲ್ಲಿ ಒಂದೇ ವ್ಯಾಯಾಮದಿಂದ ಏಕಾಗ್ರತೆ, ಆತಂಕ, ಓದು, ಹಾಸಿಗೆ ಒದ್ದೆ, ಆಟಿಸಂ ಎಲ್ಲವೂ ಸರಿಹೋಗುತ್ತದೆ ಎಂಬ ಪಟ್ಟಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಸಿಸೇರಿಯನ್ ಆಗಿದ್ದರಿಂದ, ಅಂಬೆಗಾಲಿಡದೆ ನಡೆದದ್ದರಿಂದ ಹೀಗಾಯಿತು ಎಂದು ತಾಯಿಯ ಮೇಲೆ ಹೊರೆ ಹೊರಿಸುವ ಪಾಠವಿದ್ದರೆ ಅದೂ ಬೇಡ. ಆ ತಾಯಿ ರಾತ್ರಿ ಮಲಗುವಾಗ ಆ ಮಾತನ್ನು ಹೊತ್ತುಕೊಂಡೇ ಮಲಗುತ್ತಾಳೆ.

ನಿಮ್ಮ ಬಿಡುವಿನ ಹಣ ಮತ್ತು ಸಮಯ ಒಂದಕ್ಕೇ ಸಾಲುವುದಾದರೆ, ಹೈನ್ಸ್ ಪ್ರೆಖ್ಟ್ಲ್ ಅವರ ಕ್ರಮದಲ್ಲಿ ಎಳೆಗೂಸುಗಳ ಸಹಜ ಚಲನೆಯನ್ನು ವಿಡಿಯೊದಲ್ಲಿ ನೋಡಿ ಅಳೆಯುವ ತರಬೇತಿಯನ್ನು ಮೊದಲು ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಸೆರೆಬ್ರಲ್ ಪಾಲ್ಸಿಯನ್ನು ಮೊದಲ ಕೆಲವೇ ತಿಂಗಳುಗಳಲ್ಲಿ ಗುರುತಿಸುವುದರಲ್ಲಿ ಅದರ ಬಲ ಬಿಡಿ ರಿಫ್ಲೆಕ್ಸ್‌ಗಳ ಪರೀಕ್ಷೆಗಿಂತ ಬಹಳ ಹೆಚ್ಚು.

ಕೊನೆಗೆ ಆ ಹುಡುಗ. ಹಿಂದಿನ ವರದಿಯನ್ನು ತಾಯಿಯ ಮುಂದೆ ಹಳಿಯಬೇಡಿ. ಅವರು ಮಗನಿಗಾಗಿ ಅಲೆದು ತಂದ ಕಾಗದ ಅದು. ಅಂಕಗಳನ್ನು ಬದಿಗಿಟ್ಟು ಮೂರು ತೊಂದರೆಗಳನ್ನೂ ಬೇರೆ ಬೇರೆಯಾಗಿ ಹಿಡಿಯಿರಿ. ಹಾಸಿಗೆ ಒದ್ದೆಯಾಗುವುದು ಏಳನೇ ವರ್ಷದಲ್ಲಿ ಅಪರೂಪವಲ್ಲ. ಮೊದಲು ಕೇಳಬೇಕಾದದ್ದು ಮಲಬದ್ಧತೆಯ ಬಗ್ಗೆ. ಹಗಲೂ ಒದ್ದೆಯಾಗುತ್ತದೆಯೇ, ಬಾಯಾರಿಕೆ ಹೆಚ್ಚೇ, ಗೊರಕೆ ಇದೆಯೇ ಎಂದೂ ಕೇಳಿ ವೈದ್ಯರಿಗೆ ಕಳಿಸಿ. ಒದ್ದೆಯಾದಾಗ ಎಚ್ಚರಿಸುವ ಅಲಾರಂಗೆ ಗಟ್ಟಿ ಪುರಾವೆ ಇದೆ. ಹಾಸಿಗೆ ಒದ್ದೆಯಾಗುವುದಕ್ಕೆಂದು ಸೂಚಿಸುವ ಗ್ಯಾಲಂಟ್ ವ್ಯಾಯಾಮಕ್ಕೆ ಇಲ್ಲ. ಓದಿಗೆ ಕಣ್ಣು ಮತ್ತು ಕಿವಿಯ ಪರೀಕ್ಷೆ ಆಗಿದೆಯೇ ನೋಡಿ, ಕಲಿಕಾ ನ್ಯೂನತೆಯ ಮೌಲ್ಯಮಾಪನ ಮಾಡುವವರ ಬಳಿಗೆ ಕಳಿಸಿ. ಬರವಣಿಗೆ ನಿಮ್ಮ ಮತ್ತು ಆಕ್ಯುಪೇಷನಲ್ ಥೆರಪಿಸ್ಟ್ ಕೈಯಲ್ಲಿದೆ: ಕೈಚಳಕ, ಸಮತೋಲನ ಮುಂತಾದವನ್ನು ಅಳೆಯುವ ಮೂವ್‌ಮೆಂಟ್ ಎಬಿಸಿಯಂತಹ ಪ್ರಮಾಣೀಕೃತ ಪರೀಕ್ಷೆ ಮಾಡಿ, ಭುಜ, ಕೀಲು, ಪೆನ್ಸಿಲ್ ಹಿಡಿತ, ಕುರ್ಚಿಯ ಎತ್ತರ ನೋಡಿ.

ಆಮೇಲೆ ಹುಡುಗನನ್ನೇ ಕೇಳಿ, ಬರೆಯುವುದರಲ್ಲಿ ನಿನಗೆ ಯಾವುದು ಸುಲಭವಾಗಬೇಕು ಎಂದು. ‘ಬೋರ್ಡಿನ ಮೇಲಿರುವ ಮೂರು ಸಾಲನ್ನು ಎಲ್ಲರ ಜೊತೆಯಲ್ಲಿ ಬರೆದು ಮುಗಿಸಬೇಕು’ ಎಂದು ಅವನು ಹೇಳಿದರೆ ಅದೇ ಗುರಿ. ಚಿಕಿತ್ಸೆ ಶುರುವಾಗುವ ಮೊದಲು ಎರಡು ಮೂರು ವಾರ, ವಾರಕ್ಕೆರಡು ಸಲ, ಮೂರು ಸಾಲಿಗೆ ಎಷ್ಟು ನಿಮಿಷ ಬೇಕಾಯಿತು, ಎಷ್ಟು ಅಕ್ಷರ ಓದಲು ಬಂದವು ಎಂದು ಬರೆದಿಡಿ. ಆಮೇಲೆ ಅದನ್ನೇ ನೇರವಾಗಿ ಅಭ್ಯಾಸ ಮಾಡಿಸಿ, ಅದೇ ಅಳತೆಯನ್ನು ಮುಂದುವರಿಸಿ. ತಾಯಿ ರಿಫ್ಲೆಕ್ಸ್ ವ್ಯಾಯಾಮವನ್ನೂ ಮಾಡಿಸಲೇಬೇಕೆಂದು ಬಯಸಿದರೆ, ಅದಕ್ಕೆ ಇರುವ ಪುರಾವೆ ಎಷ್ಟೆಂದು ನೇರವಾಗಿ ತಿಳಿಸಿ; ಓದಿನ ಪಾಠಕ್ಕೂ ಆಟಕ್ಕೂ ಸಲ್ಲಬೇಕಾದ ಹೊತ್ತನ್ನು ಅದು ತಿನ್ನಬಾರದು ಎಂದು ಹೇಳಿ; ಹತ್ತು ವಾರಕ್ಕೆ ಒಂದು ದಿನಾಂಕವನ್ನು ಅವರ ಎದುರೇ ಗುರುತು ಹಾಕಿ. ಆ ದಿನ ಮೊಣಕೈಯನ್ನು ನೋಡಬೇಡಿ, ಅವನ ನೋಟ್‌ಬುಕ್ ತೆರೆದು ಮೂರು ಸಾಲನ್ನು ನೋಡಿ.